ಸೆವ್ರಿನ್ ಬಂದು ಹೋಗಬಹುದಾದ ಊರು

ಅಲ್ ಥುಮಾಮಾ, ದೋಹಾ
ಶುಕ್ರವಾರ, 14 ಮಾರ್ಚ್ 2025

ಪ್ರೀತಿಯ ಆಂಟನಿ ಅಣ್ಣ,

ಇಲ್ಲಿ ನಾನು, ವಲೇರಿಯನ್, ರಿಯೋನಾ ಮೂವರೂ ಕ್ಷೇಮ. ನೀವೆಲ್ಲ ಚೆನ್ನಾಗಿದ್ದೀರಿ ಎಂಬುದು ಅತ್ತಿಗೆಯ ಸ್ಟೇಟಸ್ಸಿನಲ್ಲಿ ದಿನಾ ಕಾಣುತ್ತದೆ. ಹೊಸ ಫ್ರಿಜ್ಜು ಬಂದದ್ದೂ ಕಂಡಿತು. ಹೋದ ತಿಂಗಳು ನೀನು ಫೋನಿನಲ್ಲಿ, "ಎಂತದ್ದು ಮಾರಾಯ್ತಿ, ಈದ್ ರಜೆಗೆ ಊರಿಗೆ ಬರುವುದು ಬಿಟ್ಟು ಸ್ಪೇನಿಗೆ ಯಾಕೆ?" ಎಂದು ಕೇಳಿದ್ದೆಯಲ್ಲ, ಎಲ್ಲ ಬರೆದು ತಿಳಿಸುತ್ತೇನೆ ಎಂದವಳು ಇಷ್ಟು ದಿನ ಸುಮ್ಮನಿದ್ದೆ. ತಪ್ಪಾಯಿತು, ಬೈಯಬೇಡ. ಇವತ್ತು ಅಬು ಹಮೂರ್‌ನ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಅಲ್ಲಿನ ಪಾರ್ಕಿಂಗ್ ಗಲಾಟೆಯಿಂದ ಹೊರಬಿದ್ದು, ಮನೆಗೆ ಬಂದು ಕೂತಿದ್ದೇನೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬಹುದು. ಸೆವ್ರಿನ್ ಹೆಸರು ಎತ್ತಿದ ಕೂಡಲೇ ನಿನ್ನ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ, ಅದಕ್ಕೆ. ಕಾಗದವಾದರೆ ಕಟ್ ಮಾಡಲಿಕ್ಕಾಗುವುದಿಲ್ಲ. ಟೈಲ್ಸ್ ಕಂಪೆನಿಯ ಕ್ಯಾಟಲಾಗನ್ನೂ ಕೊನೆಯ ಪುಟದ ತನಕ ಓದುವವನು ನೀನು, ತಂಗಿಯ ಕಾಗದ ಅರ್ಧಕ್ಕೆ ಬಿಡಲಾರೆ. ನಮ್ಮ ಕ್ಲಿನಿಕ್ಕಿನ ಜಸೀಲಾಳ ಅಣ್ಣ ಮುಂದಿನ ವಾರ ಮಂಗಳೂರಿಗೆ ಹೋಗುತ್ತಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಖರ್ಜೂರದ ಡಬ್ಬಿಯೂ ಉಂಟು. ಅದನ್ನು ಕಿನ್ನಿಗೋಳಿಯ ನಿನ್ನ ಅಂಗಡಿಯಲ್ಲೇ ಖಾಲಿ ಮಾಡಬೇಡ, ಮನೆಗೆ ಒಯ್ಯಿ.

ಸುತ್ತಿ ಬಳಸಿ ಹೇಳುವುದಿಲ್ಲ. ನಾವು ಸ್ಪೇನಿಗೆ ಹೋಗುವುದು ಸೆವ್ರಿನ್‌ಳನ್ನು ನೋಡುವುದಕ್ಕೆ. ಅವಳು ಅಲ್ಲಿಯ ಕಾನ್ವೆಂಟ್ ಬಿಟ್ಟು ಒಂಬತ್ತು ವರ್ಷವಾಯಿತು. ಅಷ್ಟೂ ವರ್ಷ ನಮ್ಮಲ್ಲಿ ಯಾರೂ ಅವಳ ಮುಖ ನೋಡಿಲ್ಲ. ಅವಳು ಸಿಸ್ಟರ್ ಆದಾಗ ಇಗರ್ಜಿಯಲ್ಲಿ ನಮ್ಮ ಮನೆಯವರಿಗೆ ಶಾಲು ಹೊದಿಸಿ ಕೂರಿಸಿದವರೆಲ್ಲ ಆಮೇಲೆ "ನಿಮ್ಮ ಸಿಸ್ಟರ್ ಈಗ ಎಲ್ಲಿ?" ಎಂದು ಬೇಕೆಂದೇ ಕೇಳುತ್ತಿದ್ದರು, ನಿನಗೆ ನಾಚಿಕೆಯಾಯಿತು, ನನಗೆ ಗೊತ್ತು. ಹಾಲಿನ ಗೋಡೆಯಿಂದ ಅವಳ ಬಿಳಿ ಉಡುಪಿನ ಫೋಟೋ ತೆಗೆದದ್ದೂ ಗೊತ್ತು. ಅಮ್ಮ ತೀರಿಕೊಂಡಾಗಲೂ ಬರಲಿಲ್ಲವಲ್ಲ ಎಂದು ನನಗೂ ಅವಳ ಮೇಲೆ ಸಿಟ್ಟಿತ್ತು. ನೀನು ಅವಳಿಗೆ ಬೈದದ್ದನ್ನೆಲ್ಲ ನಾನೂ ನನ್ನ ಅಡುಗೆಮನೆಯಲ್ಲಿ ನಿಂತು ಬೈದಿದ್ದೇನೆ.

ಆದರೆ ಜನವರಿಯಲ್ಲಿ ಅಮ್ಮನ ವರ್ಷದ ಪೂಜೆಯ ದಿನ ನೀವೆಲ್ಲ ಅಲ್ಲಿ ಊಟ ಬಡಿಸುತ್ತಿದ್ದಾಗ ನಾನು ಇಲ್ಲಿ ಕ್ಲಿನಿಕ್ಕಿನ ಕೌಂಟರಿನಲ್ಲಿ ಟೋಕನ್ ಕೊಡುತ್ತ ಕೂತಿದ್ದೆ. ಸಾಕು ಅನಿಸಿತು. ನಾವು ಒಡಹುಟ್ಟಿದವರು ಇರುವುದೇ ಮೂರು ಜನ, ಅದರಲ್ಲಿ ಒಬ್ಬಳನ್ನು ಬಿಟ್ಟು ಎಷ್ಟು ವರ್ಷ ಇರುವುದು? ನಮ್ಮಲ್ಲಿ ಕೆಲಸ ಮಾಡುವ ಮಲಯಾಳಿ ನರ್ಸ್ ಒಬ್ಬಳ ಚಿಕ್ಕಮ್ಮ ಸೆವ್ರಿನ್ ಇದ್ದ ಸನ್ಯಾಸಿನಿ ಸಭೆಯಲ್ಲೇ ಸಿಸ್ಟರ್. ಅವರ ಮೂಲಕ ನಂಬರು ಸಿಕ್ಕಿತು.

ಮೊದಲ ಸಲ ಫೋನು ಮಾಡಿದೆ. ಅವಳ ಕೊಂಕಣಿ ತಡವರಿಸುತ್ತದೆ ಅಣ್ಣ, ನಡುನಡುವೆ ಸ್ಪ್ಯಾನಿಶ್ ಬರುತ್ತದೆ. ಉತ್ತರದ ಕಡೆ ಬೆಟ್ಟದ ಬುಡದ ಒಂದು ಸಣ್ಣ ಊರಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಂಡು ಅವರ ಮನೆಯಲ್ಲೇ ಇದ್ದಾಳೆ. "ಬಾ, ಆದರೆ ನಾನಿರುವ ಮನೆಗೆ ಬೇಡ, ಅದು ನನ್ನ ಮನೆ ಅಲ್ಲ. ಎಲ್ಲಾದರೂ ಹತ್ತಿರದ ಊರಿಗೆ ಬಾ, ನಾನು ಅಲ್ಲಿಗೆ ಬರುತ್ತೇನೆ" ಎಂದಳು. ಅಮ್ಮನ ಮಾತು ನಾನು ಎತ್ತಲಿಲ್ಲ. ಎತ್ತಿದರೆ ಜಗಳವಾಗಿಬಿಟ್ಟೀತು ಎಂದು ಹೆದರಿಕೆ.

ಊರು ಹುಡುಕುವ ಕೆಲಸ ಅಲ್ಲಿಂದ ಶುರುವಾಯಿತು. ವಲೇರಿಯನ್‌ನದ್ದು ಒಂದೇ ಷರತ್ತು, ಕಾರು ಮುಟ್ಟುವುದಿಲ್ಲ. ಪಾಪ, ಅವನದ್ದು ಸೇಲ್ಸ್ ಕೆಲಸ, ಇಡೀ ದಿನ ಅಂಗಡಿಯಿಂದ ಅಂಗಡಿಗೆ ಗಾಡಿ ಓಡಿಸುವುದೇ ಆಯಿತು. "ಅಲ್ಲಿಯೂ ನಾನೇ ಸ್ಟೇರಿಂಗ್ ಹಿಡಿಯುವುದಾದರೆ ನನಗೆ ಇಲ್ಲಿಯೇ ಆರಾಮ ಉಂಟು" ಎಂದ. ಸರಿ, ರೈಲು ಮತ್ತು ಕಾಲು ಎಂದು ತೀರ್ಮಾನವಾಯಿತು. ನಮಗೆ ನಡೆದು ಅಭ್ಯಾಸವೇ ಇಲ್ಲ ನೋಡು. ಇಲ್ಲಿ ಎದುರಿನ ಬಕಾಲಾ ಅಂಗಡಿಗೆ ಮೊಸರು ತರಲಿಕ್ಕೂ ಕಾರು. ರಿಯೋನಾ ಎರಡು ಜೊತೆ ಶೂ ಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ.

ಊರು ಯಾವುದೆಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೊಂದು ಹೆಸರು. ವಲೇರಿಯನ್‌ಗೆ ಬಾರ್ಸಿಲೋನಾದ ಫುಟ್‌ಬಾಲ್ ಸ್ಟೇಡಿಯಂ ನೋಡಬೇಕು. ಜಸೀಲಾ ಉಪವಾಸದ ಸುಸ್ತಿನಲ್ಲೂ, "ಫ್ಲೋರಿನಕ್ಕ, ಕೊರ್ಡೋಬಾಕ್ಕೆ ಹೋಗಿ, ಅಲ್ಲಿಯ ಹಳೇ ಮಸೀದಿಯ ಕಂಬಗಳನ್ನು ನೋಡ್ಲಿಕ್ಕೇ ಒಂದು ದಿನ ಬೇಕು. ನಾನಾದ್ರೆ ಅಲ್ಲಿಗೇ ಹೋಗ್ತಿದ್ದೆ" ಎಂದು ವಿಡಿಯೋ ತೋರಿಸಿದಳು. ಚಂದವೇನೋ ಉಂಟು, ಆದರೆ ಅದು ದಕ್ಷಿಣದ ತುದಿ, ಸೆವ್ರಿನ್ ಇರುವುದು ಉತ್ತರದಲ್ಲಿ. ನಿನ್ನನ್ನು ಕೇಳಿದ್ದರೆ ಸಂತ ತೆರೆಸಾಳ ಆವಿಲಾಕ್ಕೆ ಹೋಗಿ ಎನ್ನುತ್ತಿದ್ದೆ. ಬೇಡಪ್ಪ. ಕಾನ್ವೆಂಟ್ ಬಿಟ್ಟು ಬಂದವಳನ್ನು ಕೋಟೆಗೋಡೆಯೊಳಗೆ, ಊರು ತುಂಬ ಸಿಸ್ಟರ್‌ಗಳಿರುವ ಕಡೆ ಕರೆದು ಕೂರಿಸುವುದು ಎಂಥ ಚಂದ?

ನಾನೇ ಬುದ್ಧಿವಂತಿಕೆ ಮಾಡಿ ಟೊಲೆಡೊ ಎಂದೆ. ಮ್ಯಾಡ್ರಿಡ್‌ನಲ್ಲಿ ವಿಮಾನ ಇಳಿದರೆ ಅರ್ಧ ಗಂಟೆಯ ರೈಲು. ಹೋಟೆಲು ಬುಕ್ ಮಾಡಿ, ವೀಸಾಗೆ ಕಾಗದಪತ್ರ ಕೊಟ್ಟು, ಅವಳಿಗೆ ಮೆಸೇಜ್ ಹಾಕಿದೆ: ಶುಕ್ರವಾರ ಟೊಲೆಡೊಗೆ ಬಾ, ಇಡೀ ದಿನ ಒಟ್ಟಿಗೆ ಇರುವ. ಉತ್ತರ ಬರಲಿಲ್ಲ. ಎರಡು ದಿನ ಕಾದು ಫೋನು ಮಾಡಿದೆ. ಆ ಕಡೆಯಿಂದ ಅವಳು, "ಫ್ಲೋರಿನ್, ಶುಕ್ರವಾರ ನನಗೆ ಕೆಲಸ. ನೀನು ಶುಕ್ರವಾರ ಯಾಕೆ ಹೇಳಿದಿ ಎಂದೇ ನನಗೆ ಗೊತ್ತಾಗಲಿಲ್ಲ" ಎಂದಳು. ನಾನು ತಲೆ ಚಚ್ಚಿಕೊಂಡೆ. ಇಲ್ಲಿ ಹದಿನೇಳು ವರ್ಷ ಶುಕ್ರವಾರವೇ ನಮಗೆ ಭಾನುವಾರ. ಪೂಜೆ ಶುಕ್ರವಾರ, ಕೋಳಿ ಪದಾರ್ಥ ಶುಕ್ರವಾರ. ಪ್ರಪಂಚದಲ್ಲಿ ಉಳಿದವರು ಆ ದಿನ ಕೆಲಸಕ್ಕೆ ಹೋಗುತ್ತಾರೆ ಎಂಬುದೇ ಮರೆತುಹೋಗಿದೆ. ಹೇಳಿದಾಗ ಅವಳು ನಕ್ಕಳು ಅಣ್ಣ. ಶಾಲೆಯಿಂದ ಬರುವಾಗ ಬೇಲಿ ಹತ್ತಿರ ನಿಂತು ನಗುತ್ತಿದ್ದಳಲ್ಲ, ಅದೇ ನಗು. ಅವತ್ತು ತುಂಬ ಹೊತ್ತು ಮಾತಾಡಿದೆವು. ಅವಳಿಗೆ ಬಿಡುವು ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯ ತನಕ ಮಾತ್ರ.

ಆ ಫೋನು ಇಟ್ಟ ಮೇಲೆ ಟೊಲೆಡೊ ಖಲಾಸ್. ಅಲ್ಲಿಗೆ ಬರಬೇಕಾದರೆ ಅವಳು ಮ್ಯಾಡ್ರಿಡ್‌ನಲ್ಲಿ ರೈಲು ಬದಲಿಸಬೇಕು, ಸಾಲದ್ದಕ್ಕೆ ಗುಡ್ಡ ಹತ್ತಬೇಕು. ಹೊಸದಾಗಿ ಹುಡುಕಿದೆ, ಈ ಸಲ ಬೇರೆ ರೀತಿ. ರಂಜಾನ್ ಆದ್ದರಿಂದ ಕ್ಲಿನಿಕ್ಕಿನಲ್ಲಿ ಬೆಳಗಿನ ಹೊತ್ತು ಜನ ಕಡಿಮೆ, ಕೂತು ಮ್ಯಾಪ್ ನೋಡುವುದೇ ಕೆಲಸ. ಸೆಗೋವಿಯಾದಲ್ಲಿ ವೇಗದ ರೈಲಿನ ಸ್ಟೇಷನ್ ಊರಿನ ಹೊರಗೆ, ಬಸ್ಸು ಹತ್ತಬೇಕು. ಬುರ್ಗೋಸಿನಲ್ಲಿಯೂ ಹಾಗೆಯೇ. ನನಗೆ ಬೇಕಾದದ್ದು ಅವಳು ರೈಲಿನಿಂದ ಇಳಿದರೆ ನಡೆದೇ ಕೋಣೆ ಸೇರುವಂಥ ಊರು, ನಡುವೆ ಟ್ಯಾಕ್ಸಿಯವನ ಎದುರು ಕೂರುವ ಅಗತ್ಯ ಬೀಳಬಾರದು. ಪ್ರವಾಸಿಗಳ ಗದ್ದಲ ಇರಬಾರದು. ಎಲ್ಲಾದರೂ ಮರದ ಕೆಳಗೆ ಇಬ್ಬರು ಹೆಂಗಸರು ತುಂಬ ಹೊತ್ತು ಕೂತರೆ ಯಾರೂ ತಿರುಗಿ ನೋಡಬಾರದು. ಭಾನುವಾರ ಬೆಳಿಗ್ಗೆ ಹತ್ತಿರದಲ್ಲೇ ಪೂಜೆ ಇರಬೇಕು. ಶನಿವಾರ ರಾತ್ರಿ ಅವಳು ವಾಪಸು ಹೋಗಕೂಡದು, ನಮ್ಮ ಪಕ್ಕದ ಕೋಣೆಯಲ್ಲೇ ಮಲಗಬೇಕು.

ವಲೇರಿಯನ್ ಮೊದಲು ತಮಾಷೆ ಮಾಡುತ್ತಿದ್ದ. "ಎರಡು ದಿನದ ಊರಿಗೆ ನೀನು ಹುಡುಗಿಗೆ ಗಂಡು ನೋಡುವ ಹಾಗೆ ನೋಡುತ್ತಿ" ಎಂದ. ಆಮೇಲೆ ಅವನೇ ನನ್ನ ಜೊತೆ ಕೂತು ರೈಲಿನ ಹೊತ್ತುಗಳನ್ನು ನೋಡಿದ. ಕೊನೆಗೆ ಸಿಕ್ಕಿದ ಊರು ಪಲೆನ್ಸಿಯಾ. ನೀನು ಹೆಸರು ಕೇಳಿರಲಿಕ್ಕಿಲ್ಲ, ನಾನೂ ಕೇಳಿರಲಿಲ್ಲ, ನಮ್ಮ ಟ್ರಾವೆಲ್ಸಿನವನೂ ಕೇಳಿರಲಿಲ್ಲ. ಮ್ಯಾಡ್ರಿಡ್‌ನಿಂದ ನೇರ ರೈಲು, ಸೆವ್ರಿನ್‌ಳ ಊರಿನಿಂದಲೂ ನೇರ ರೈಲು. ಸ್ಟೇಷನ್ನಿನಿಂದ ಒಂದು ಪಾರ್ಕು ದಾಟಿದರೆ ಊರಿನ ದೊಡ್ಡ ಬೀದಿ. ಆ ಬೀದಿಯ ಉದ್ದಕ್ಕೂ ಕಂಬಗಳ ಸಾಲಿನ ಮೇಲೆ ಸೂರು, ಅದರಡಿ ನಡೆದುಕೊಂಡು ಹೋಗಬಹುದು. ನೆಲ ಸಪಾಟು. ಒಂದು ದೊಡ್ಡ ಕೆಥೆಡ್ರಲ್, ಅದರ ಆಚೆ ಹೊಳೆ, ದಂಡೆಯಲ್ಲಿ ಮರ, ಬೆಂಚು. ಅಷ್ಟೇ ಇರುವುದು. ಟ್ರಾವೆಲ್ಸಿನವನು "ಮೇಡಂ, ಅಲ್ಲಿ ನೋಡ್ಲಿಕ್ಕೆ ಏನುಂಟು?" ಎಂದು ಎರಡು ಸಲ ಕೇಳಿದ. ನಮಗೆ ನೋಡಬೇಕಾದದ್ದು ರೈಲಿನಲ್ಲಿ ಬರುತ್ತದೆ ಎಂದು ಅವನಿಗೆ ಹೇಗೆ ಹೇಳಲಿ? ಸುಮ್ಮನೆ ಎರಡು ಕೋಣೆ ಬುಕ್ ಮಾಡಿಸಿದೆ.

ಏಪ್ರಿಲ್ ಎರಡಕ್ಕೆ ಇಲ್ಲಿಂದ ಹೊರಡುತ್ತೇವೆ. ಎರಡು ದಿನ ಮ್ಯಾಡ್ರಿಡ್, ಆಮೇಲೆ ಪಲೆನ್ಸಿಯಾ. ರಿಯೋನಾ ನಿನ್ನೆ, "ಮಮ್ಮಾ, ಆಂಟಿಗೆ ನನ್ನದು ಹೆಸರು ಗೊತ್ತುಂಟಾ?" ಎಂದು ಕೇಳಿದಳು. ಗೊತ್ತಿದೆ, ಹೆಸರು ಇಟ್ಟವಳೇ ಅವಳು ಎಂದಾಗ ಅವಳಿಗೆ ಆಶ್ಚರ್ಯ. ಇಷ್ಟು ವರ್ಷ ಆ ಮಗುವಿಗೆ ಇದನ್ನು ಹೇಳಿಯೇ ಇರಲಿಲ್ಲ, ನನಗೇ ಬೇಸರವಾಯಿತು.

ಈಗ ನಿನ್ನಲ್ಲಿ ಒಂದು ಕೇಳಿಕೆ. ಭಾನುವಾರ, ಏಪ್ರಿಲ್ ಆರರಂದು, ನಿನ್ನ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ನಾನು ಫೋನು ಮಾಡುತ್ತೇನೆ. ಎತ್ತು. ನೀನು ಅವಳಿಗೆ ಕ್ಷಮೆ ಕೊಡಬೇಕೆಂದಾಗಲಿ, ಊರಿಗೆ ಕರೆಯಬೇಕೆಂದಾಗಲಿ ನಾನು ಹೇಳುತ್ತಿಲ್ಲ. ಫೋನು ಎತ್ತಿ ಅವಳ ಹೆಸರು ಹಿಡಿದು ಒಂದು ಮಾತು ಆಡು. ಮಲಗುವ ಮುಂಚೆ ಅವಳಿಗೆ ಜಪಮಾಲೆ ಹೇಳಿಸಿ ಕಲಿಸಿದವನು ನೀನೇ. ಅವಳನ್ನು ಕಾನ್ವೆಂಟಿಗೆ ಬಿಟ್ಟು ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತವನೂ ನೀನೇ. ನಿನಗೆ ಅವಳೆಂದರೆ ಎಷ್ಟು ಪ್ರೀತಿ ಎಂಬುದು ನನಗೆ ಗೊತ್ತಿರುವುದರಿಂದಲೇ ಇಷ್ಟು ಬರೆದೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಬಿ.ಪಿ. ಮಾತ್ರೆ ತಪ್ಪಿಸಬೇಡ. ನಮ್ಮ ಪ್ರಯಾಣಕ್ಕಾಗಿ ಪ್ರಾರ್ಥಿಸು. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ಫ್ಲೋರಿನ್

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಆ ಎರಡನೆಯ ಫೋನಿನಲ್ಲಿ, ಶುಕ್ರವಾರದ ವಿಷಯಕ್ಕೆ ನಕ್ಕು ಮುಗಿದ ಮೇಲೆ, ಸೆವ್ರಿನ್ ಕೇಳಿದಳು, "ಮಾಂಯ್ ಕಶಿ ಆಸಾ?"

ಅಮ್ಮ ಹೇಗಿದ್ದಾಳೆ ಎಂದು ಕೇಳಿದಳು, ಅಣ್ಣ. ಮಂಡಿನೋವು ಇನ್ನೂ ಇದೆಯಾ, ಪೂಜೆಗೆ ನಡೆದೇ ಹೋಗುತ್ತಾಳಾ ಎಂದು ಕೇಳಿದಳು. ನಾನು ಚೆನ್ನಾಗಿದ್ದಾಳೆ ಎಂದುಬಿಟ್ಟೆ.

ಅಮ್ಮನನ್ನು ಮಣ್ಣು ಮಾಡಿದ ದಿನ ಇಗರ್ಜಿಯ ಹಿಂದಿನ ಗೇಟಿನ ಹತ್ತಿರ ನೀನು ನನ್ನ ಕೈ ಹಿಡಿದು, "ಅವಳಿಗೆ ಫೋನು ಮಾಡಿದ್ದೆ. ಬರುವುದಿಲ್ಲ ಅಂದಳು" ಎಂದಿದ್ದೆ. ಆ ಮಾತು ನಂಬಿ ನಾನು ಒಂದು ವರ್ಷ ಅವಳನ್ನು ದ್ವೇಷಿಸಿದೆ. ನೀನು ಫೋನು ಮಾಡಲೇ ಇಲ್ಲ. ಇದನ್ನು ವಲೇರಿಯನ್‌ನನ್ನು ಬಿಟ್ಟು ಯಾರಿಗೂ ಹೇಳಿಲ್ಲ, ಅತ್ತಿಗೆಗೂ ಹೇಳುವುದಿಲ್ಲ. ಆದರೆ ನನಗೆ ಬಹಳ ನೋವಾಗಿದೆ, ಅದು ನಿನಗೆ ಗೊತ್ತಿರಲಿ.

ಈಗ ಅವಸರ ಮಾಡಿ ನೀನು ಅವಳಿಗೆ ಫೋನು ಮಾಡಬೇಡ. ಯಾರದೋ ಅಡುಗೆಮನೆಯಲ್ಲಿ ನಿಂತುಕೊಂಡು ಅವಳು ಇದನ್ನು ಕೇಳಬಾರದು. ಶನಿವಾರ ಪಲೆನ್ಸಿಯಾದಲ್ಲಿ ನಾನೇ ಹೇಳುತ್ತೇನೆ. ಅವಳು ಅಳಲಿ, ನನ್ನನ್ನು ಹೊಡೆಯಲಿ, ನಾನು ಜೊತೆಗಿರುತ್ತೇನೆ. ಆದರೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಭಾನುವಾರ ಫೋನು ಎತ್ತು ಎಂದದ್ದು ಅದಕ್ಕೆ.

ಅಮ್ಮನಿಗೆ ಎಂದು ಅವಳು ಒಂದು ಉಣ್ಣೆಯ ಶಾಲು ತೆಗೆದಿಟ್ಟಿದ್ದಾಳಂತೆ. ನನ್ನ ಕೈಯಲ್ಲಿ ಕೊಡುತ್ತಾಳಂತೆ, ದೋಹಾದಿಂದ ಊರಿಗೆ ಹೋಗುವವರು ಯಾರಾದರೂ ಸಿಕ್ಕಿದರೆ ಕಳಿಸಬೇಕಂತೆ. ಲಗೇಜಿನಲ್ಲಿ ಜಾಗ ಇದೆಯಾ ಎಂದು ಕೇಳಿದಳು. ಇದೆ ಎಂದೆ.