ಸುತ್ತಿಗೆಯ ಹಿಡಿ

೧೮ ನವೆಂಬರ್ ೨೦೨೫, ಮಂಗಳವಾರ

ಊಟ ಸೇರಲಿಲ್ಲ. ತುಳಜಾಬಾಯಿಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಶಹಾಬಾದಿನ ನಮ್ಮ ಎರಡು ಕೋಣೆಯ ಮ್ಯೂಸಿಯಮ್ಮಿಗೆ ಹೋದ ತಿಂಗಳು ಆಕೆ ತೀರಿಹೋದ ಗಂಡನ ಸುತ್ತಿಗೆ ಕೊಟ್ಟಿದ್ದಳು. ಭೀಮಶ್ಯಾ ಸಾಯುವತನಕ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಒಡೆದದ್ದು ಅದರಿಂದಲೇ. ಅವನದೊಂದು ಫೋಟೊ ಕೂಡ ಮನೆಯಲ್ಲಿಲ್ಲ ಎಂದಿದ್ದಳು. ನಾನು ಕೇಳಿಸಿಕೊಂಡಿದ್ದೆ, ಅಷ್ಟೆ.

ಇಂದು ವಾಡಿಯಿಂದ ಮಗಳನ್ನು ಕರೆದುಕೊಂಡು ಬಂದಳು. ಅಪ್ಪ ಹೋದಾಗ ಆ ಮಗಳು ಎದೆಹಾಲು ಕುಡಿಯುವ ಕೂಸಂತೆ. ಸುತ್ತಿಗೆಯಿಟ್ಟ ಗಾಜಿನ ಪೆಟ್ಟಿಗೆಯ ಮುಂದೆ ಇಬ್ಬರೂ ಬಹಳ ಹೊತ್ತು ನಿಂತರು.

"ಬಾಯಾರ, ಹಿಡಿ ಬದಲಿ ಮಾಡೀರೇನ್ರಿ?" ತುಳಜಾಬಾಯಿ ಕೇಳಿದಳು.

"ಇಲ್ಲ, ಅದೇ ಹಿಡಿ. ಕೊಳೆ ತೆಗೆದು ವಾರ್ನಿಶ್ ಹಚ್ಚೀನಿ," ಎಂದೆ. ಹೆಮ್ಮೆಯಿಂದಲೇ ಎಂದೆ.

"ಕೊಳಿ ಅಲ್ರಿ ಅದು. ಅವರ ಕೈ. ಹಿಡದ್ ಹಿಡದ್ ಬೆರಳೆಲ್ಲ ಕರ್ರಗ ಮೂಡಿದ್ವು. ಅಪ್ಪನ ಕೈ ಎಷ್ಟಿತ್ತು ಅಂತ ಈಕಿ ಕೇಳ್ತಿದ್ಲು. ತೋರಸ್ಲಿಕ್ಕ ಬಂದಿದ್ದೆ."

ಕೊನೆಗೆ ಆಕೆಯೇ ನನ್ನ ಬೆನ್ನು ಸವರಿದಳು. "ಇರ್ಲಿ ಬಿಡ್ರಿ. ಭಾಳ ಛಲೋ ಕಾಣಾಕತ್ತದ."

ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಹಿಡಿ ಒರೆಸಿದ ಬಟ್ಟೆ ಕಪಾಟಿನ ಹಿಂದೆ ಮುದುಡಿ ಬಿದ್ದಿತ್ತು. ಮನೆಗೆ ತಂದಿದ್ದೇನೆ, ಮೇಜಿನ ಮೇಲೆ ಹರಡಿದ್ದೇನೆ. ಅಂಗೈಯಷ್ಟು ಕಪ್ಪಿದೆ. ಬೆರಳು ಹುಡುಕಿದೆ, ಸಿಗಲಿಲ್ಲ. ಎಸೆಯಲು ಮನಸ್ಸಿಲ್ಲ. ಇನ್ನು ತೊಳೆಯುವುದಂತೂ...