ಹುಲ್ಲು ಕಟರಿನ ಪೆಟ್ರೋಲು

ಅಕ್ಟೋಬರ್ ೧೬, ಗುರುವಾರ. ಶಿರಸಿ.

ಬನವಾಸಿ ಶಂಭುಲಿಂಗನ ಮೂವತ್ತು ವರ್ಷದ ಸ್ಪೋರ್ಟ್ಸ್ ಕಾರು ಇವತ್ತೂ ನನ್ನ ಗ್ಯಾರೇಜಿನಿಂದ ಹೊರಬೀಳಲಿಲ್ಲ. ಬರುವಾಗಲೇ ನೀಲಿ ಹೊಗೆ ಕಾರುತ್ತಿತ್ತು. ಪಿಸ್ಟನ್ ರಿಂಗ್ ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ಎಂಜಿನ್ ಬಿಚ್ಚಿ ಕೂತೆ. ನಾಲ್ಕು ದಿನ ಅಳೆದು ನೋಡಿದರೂ ರಿಂಗುಗಳು ಗಟ್ಟಿಯಾಗಿಯೇ ಇದ್ದವು.

ಮಧ್ಯಾಹ್ನ ಆ ಮಹಾಶಯ ಕೂಲಿಂಗ್ ಗ್ಲಾಸ್ ಏರಿಸಿಕೊಂಡು ಬಂದ. ಪೆಟ್ರೋಲ್ ಎಲ್ಲಿ ಹಾಕಿಸಿದಿರಿ ಎಂದು ಕೇಳಿದೆ.

“ಬಂಕಿಗೆ ಯಾರ್ ಹೋಗ್ತಾರ್ರಿ? ತ್ವಾಟದಾಗ ಹುಲ್ಲು ಕಟರಿಂದು ಕ್ಯಾನ್ ತುಂಬಿತ್ತು, ಸುರುವಿದೆ. ಅದೂ ಪೆಟ್ರೋಲೇ ಅಲ್ಲೇನ್ರಿ?”

ಕಟರಿನ ಪೆಟ್ರೋಲಿಗೆ ಆಯಿಲ್ ಬೆರೆಸಿರುತ್ತದೆ. ಬೆರೆಸಿದವನೂ ಇವನೇ! ಆ ಆಯಿಲ್ ಉರಿದೇ ಅಷ್ಟು ಹೊಗೆ. ಓಡಿಸಲು ಸ್ಪೋರ್ಟ್ಸ್ ಕಾರು ಬೇಕು, ತಲೆಯೊಳಗೆ ಮಾತ್ರ ಬರೀ ಸಗಣಿ. ಇಂಥವರಿಗೆ ಎತ್ತಿನ ಗಾಡಿಯನ್ನೂ ಕೊಡಬಾರದು, ಎತ್ತುಗಳ ಮರ್ಯಾದೆ ಹೋಗುತ್ತದೆ.

ಊಟಕ್ಕೆ ಕೂತಾಗಲೂ ಅವನನ್ನೇ ಬೈಯುತ್ತಿದ್ದೆ. ನಾಗವೇಣಿ ಸಾರು ಬಡಿಸಿದಳು. ಕಾರು ಬಂದ ದಿನ ಗ್ಯಾರೇಜಿಗೆ ಚಹಾ ತಂದಿದ್ದ ಇದೇ ಹೆಂಡತಿ, “ಎಂತ ಇದು, ಹುಲ್ಲು ಹೊಡೆಯೋ ಮಷಿನ್ ವಾಸನೆ ಬರ್ತದಲ್ಲ?” ಎಂದಿದ್ದಳು. “ಒಳಗೆ ಹೋಗು ಮಾರಾಯ್ತಿ, ಇದು ಸ್ಪೋರ್ಟ್ಸ್ ಕಾರು” ಎಂದು ನಾನು ನಕ್ಕಿದ್ದೆ.

ಅವಳು ಇವತ್ತು ನಗಲಿಲ್ಲ. ನಕ್ಕುಬಿಟ್ಟಿದ್ದರೆ ನಿದ್ದೆಯಾದರೂ ಬರುತ್ತಿತ್ತು.