ಜೋಪಾನಕ್ಕೆ ಕೊಟ್ಟ ವಾಚು

ಮೊಳಕಾಲ್ಮೂರು
16-11-2003, ಭಾನುವಾರ

ಚಿರಂಜೀವಿ ಅಳಿಯಂದಿರಾದ ಅಮರೇಶ್ ಅವರಿಗೆ, ನಿಮ್ಮ ಮಾವ ಜಂಬುಲಿಂಗಪ್ಪ ಸೀರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿರುವ ಆಶೀರ್ವಾದಗಳು.

ಮಗಳು ರಂಜನಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದಿದ್ದನ್ನು ನೀವು ಸಮಾಧಾನವಾಗಿ ಓದುತ್ತೀರಿ. ಫೋನಿನಲ್ಲಿ ಹೇಳಿದ್ದೇವೆ, ಸರಿ. ಆದರೆ ಆ ದಿನ ಹಡಗಿನಿಂದ ಬಂದ ನಿಮ್ಮ ದನಿ ಬಾತುಕೋಳಿಯ ದನಿಯ ಹಾಗಿತ್ತು. ಸಮುದ್ರದ ತಳದಲ್ಲಿ ಕೆಲಸ ಮಾಡುವ ಮುಳುಗುಗಾರರು ಉಕ್ಕಿನ ಕೋಣೆಯೊಳಗೆ ಅದೇನೋ ಹೀಲಿಯಂ ಗಾಳಿ ಉಸಿರಾಡುತ್ತಾರೆ, ಅದಕ್ಕೇ ಹಾಗೆ ಎಂದು ರಂಜನಿ ಬಿಡಿಸಿ ಹೇಳುವಷ್ಟರಲ್ಲಿ ನಿಮ್ಮತ್ತೆ ಕಮಲಾಕ್ಷಮ್ಮ, "ಯಾರೋ ಪೋಲಿ ಹುಡುಗ್ರು ಆಟ ಆಡ್ತಾರೆ, ಇಡ್ರಿ ಫೋನು" ಎಂದು ಕುಕ್ಕಿಯೇಬಿಡುತ್ತಿದ್ದಳು. ರಂಜನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಣಂತಿಗೆ ನೀರು ಹಾಕಲು ಬರುವ ಜೋಗಮ್ಮ, "ಹಸಿ ಮೈ ಐತೆ, ನಗಿಸಬ್ಯಾಡ್ರಿ ಅದನ್ನ" ಎಂದು ನಮಗೆಲ್ಲ ಒಟ್ಟಿಗೆ ಬೈದಳು.

ನೀವು ಕೊನೆಗೆ ಒಂದು ಮಾತು ಕೇಳಿದಿರಿ. "ಮಾವ, ಈಗಲಾದ್ರೂ ವಾಚು ನಿಮ್ದೇ ಅಂತ ಇಟ್ಕೊಂತೀರೋ, ನಾ ಬಂದಾಗ ವಾಪಸ್ ಕೊಡ್ತೀರೋ?" ಅಷ್ಟರಲ್ಲಿ ಲೈನು ಕಟ್ಟಾಯಿತು. ಕಟ್ಟಾಗಿದ್ದೇ ಒಳ್ಳೆಯದು, ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಅರ್ಧ ಇದೆ, ಅರ್ಧ ಇಲ್ಲ. ನಾಮಕರಣಕ್ಕೆ ನೀವು ಬರುವಷ್ಟರಲ್ಲಿ ತೀರ್ಮಾನ ಆಗಲೇಬೇಕಲ್ಲ, ಅದಕ್ಕೆ ಈ ಪತ್ರ.

ಶ್ರಾವಣದಲ್ಲಿ ಕುಬುಸದ ಶಾಸ್ತ್ರ ಮುಗಿಸಿ ಬಸುರಿ ರಂಜನಿಯನ್ನು ನಮ್ಮ ಮನೆಯಲ್ಲಿ ಬಿಟ್ಟು ಹೊರಟಾಗ ನೀವು ಕೈಯಿಂದ ವಾಚು ಬಿಚ್ಚಿ ನನ್ನ ಅಂಗೈಗಿಟ್ಟಿರಿ. ನಾನು ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡೆ. ನಿಮಗೆ ಬೇಜಾರಾಯಿತು ಎಂದು ಮುಖದಲ್ಲೇ ಕಂಡಿತು. ಆದರೆ ನೀವೇ ಹೇಳಿ, ಮಗಳ ಮನೆಯದನ್ನು ಮೊಮ್ಮಕ್ಕಳಾಗುವ ತನಕ ಮುಟ್ಟಬಾರದು ಎಂಬುದು ನಮ್ಮ ಮನೆತನದಲ್ಲಿ ನಡೆದು ಬಂದದ್ದು. ನಮ್ಮಪ್ಪನವರು ದೇವಸಮುದ್ರದಲ್ಲಿದ್ದ ನಮ್ಮಕ್ಕನ ಮನೆಗೆ ಹೋದರೆ ಟವೆಲಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಹೋಗುತ್ತಿದ್ದರು. ನೀರಿಗೆ ಬಸ್ ಸ್ಟಾಂಡಿನ ಹೋಟೆಲಿಗೆ ಬರುತ್ತಿದ್ದರು. ಅಂಥವರ ಮಗ ಅಳಿಯನ ಕೈಯಿಂದ ಸ್ವಿಸ್ ವಾಚು ಕಟ್ಟಿಸಿಕೊಂಡರೆ ಊರು ಏನೆನ್ನುತ್ತದೆ? ಮದುವೆಯಲ್ಲಿ ವಾಚು ಕೊಡಬೇಕಾದವನು ನಾನು, ಕೊಟ್ಟೂ ಇದ್ದೇನೆ. ಬಂಗಾರದ ಬಣ್ಣದ ಎಚ್‌ಎಂಟಿ. ಅದು ಈಗ ಎಲ್ಲಿದೆಯೋ ಕೇಳುವುದಿಲ್ಲ ಬಿಡಿ.

ಅದಕ್ಕೇ, "ಜೋಪಾನಕ್ಕೆ ಇಟ್ಕೊಂತೀನಿ, ಬಂದಾಗ ತಗೊಳ್ರಿ" ಎಂದೆ. ದೇವರ ಜಗಲಿಯ ಮೇಲೆ, ವಿಭೂತಿ ಕರಡಿಗೆಯ ಪಕ್ಕ ಇಟ್ಟೆ. ನಿಮ್ಮತ್ತೆ ಪೂಜೆ ಮಾಡುವಾಗ ಗಾಜಿನ ಮೇಲೆ ಒಂದು ವಿಭೂತಿ ಪಟ್ಟೆಯನ್ನೂ ಎಳೆದಳು. ನೀವು ಹೊರಡುವ ಮುಂಚೆ ಇದಕ್ಕೆ ಸೆಲ್ಲಿಲ್ಲ, ಕೀ ಕೊಡುವುದು ಬೇಕಿಲ್ಲ, ಕೈಯಾಡಿದರೆ ಸಾಕು ಎಂದೇನೋ ಹೇಳಿದ್ದಿರಿ. ನಾನು ಬೇಡ ಬೇಡ ಎನ್ನುವ ಗದ್ದಲದಲ್ಲಿ ಕೇಳಿಸಿಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ನೋಡುತ್ತೇನೆ, ವಾಚು ನಿಂತುಹೋಗಿದೆ. ಏನೋ ವ್ಯಾಪಾರದ ಕೆಲಸಕ್ಕೆ ಹೇಗೂ ಚಳ್ಳಕೆರೆಗೆ ಹೋಗುವುದಿತ್ತು, ಹೋದವನು ಮುದ್ದಪ್ಪನ ವಾಚ್ ರಿಪೇರಿ ಅಂಗಡಿಗೆ ಕೊಟ್ಟೆ. ಅವನು ಹಿಂದಿನ ಮುಚ್ಚಳ ತೆಗೆಯಲು ಹೋಗಿ ಆಗದೆ, ಸುಮ್ಮನೆ ಎತ್ತಿ ಅಲ್ಲಾಡಿಸಿದ. ಸೆಕೆಂಡಿನ ಮುಳ್ಳು ಹೊರಟೇಬಿಟ್ಟಿತು! "ಸಾವ್ಕಾರ್ರೆ, ಇದಕ್ಕೆ ಏನೂ ಆಗಿಲ್ರಿ. ಕಟ್ಕೊಂಡು ಓಡಾಡ್ರಿ, ಅದೂ ಓಡ್ತೈತೆ. ಜಗಲಿ ಮ್ಯಾಲೆ ಕೂಡ್ಸಿದ್ರೆ ನೀವಾದ್ರೂ ನಿಂತೋಗಲ್ವಾ?" ಎಂದು ನಕ್ಕ.

ಅಲ್ಲಿಂದ ಕಟ್ಟಿಕೊಂಡಿದ್ದೇನೆ. ನಿಲ್ಲಬಾರದಲ್ಲ, ಜೋಪಾನಕ್ಕೆ ಕೊಟ್ಟ ವಸ್ತು. ದನ ಜೋಪಾನ ಮಾಡುವವನು ಮೇವು ಹಾಕುವುದಿಲ್ಲವೇ, ಹಾಗೆ.

ಈಗ ನಿಜ ಹೇಳುತ್ತೇನೆ. ಅಳಿಯಂದಿರೇ, ಎಂಥ ವಾಚು ಇದು! ನನಗೀಗ ಐವತ್ತೆಂಟು ವರ್ಷ, ಇಷ್ಟು ದಿನ ಗಂಟೆ ನೋಡಲು ವಾಚು ಕಟ್ಟಿದ್ದೆ, ವಾಚು ನೋಡಲು ಕಟ್ಟಿರಲಿಲ್ಲ. ಎಚ್‌ಎಂಟಿಯ ಮುಳ್ಳು ಕುಪ್ಪಳಿಸುತ್ತದೆ, ಇದರದು ಎಣ್ಣೆ ಸುರಿದ ಹಾಗೆ ಹರಿಯುತ್ತದೆ. ಕೈಯಲ್ಲಿ ತೂಕ ಇದೆ, ಆದರೆ ಭಾರವಿಲ್ಲ. ಒಳ್ಳೆಯ ರೇಷ್ಮೆ ಸೀರೆಯೂ ಹೀಗೆಯೇ, ಉಟ್ಟವಳಿಗೆ ಮಾತ್ರ ತಿಳಿಯುತ್ತದೆ. ಕರೆಂಟು ಹೋದಾಗ ಒಳಗಿನ ಸ್ಟಾಕ್ ರೂಮಿಗೆ ಹೋದರೆ ಚುಕ್ಕೆಗಳೆಲ್ಲ ಹಸಿರಾಗಿ ಹೊಳೆಯುತ್ತವೆ. ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತಲ್ಲ, ದಿನಕ್ಕೆ ನಾಲ್ಕು ಸಲ ಹೋಗಿ ನೋಡಿಕೊಂಡು ಬರುತ್ತೇನೆ. ಕರೆಂಟು ಹೋದರೆ ಖುಷಿಪಡುವ ವ್ಯಾಪಾರಿ ಈ ಬಜಾರಿನಲ್ಲಿ ನಾನೊಬ್ಬನೇ.

ಪಕ್ಕದಲ್ಲಿ ಸಣ್ಣದೊಂದು ಗುಂಡಿ ಇದೆಯಲ್ಲ, ಅದು ಯಾಕೆ ಎಂದು ರಂಜನಿಯನ್ನು ಕೇಳಿದೆ. ಉಕ್ಕಿನ ಕೋಣೆಯಲ್ಲಿ ವಾರಗಟ್ಟಲೆ ಇರುವಾಗ ಹೀಲಿಯಂ ವಾಚಿನೊಳಗೂ ನುಸುಳುತ್ತದಂತೆ, ಮೇಲೆ ಬರುವಾಗ ಹೊರಗೆ ಹೋಗಲು ಅದಕ್ಕೊಂದು ದಾರಿಯಂತೆ. ಇಲ್ಲದಿದ್ದರೆ ಗಾಜು ಹಾರಿಹೋಗುತ್ತದಂತೆ. "ಅವ್ರೂ ಹಂಗೇ ಅಪ್ಪಾಜಿ, ದಿನಗಟ್ಟಲೆ ನಿಧಾನಕ್ಕೆ ಮೇಲೆ ಬರ್ಬೇಕು, ದಡಬಡ ಮಾಡಂಗಿಲ್ಲ" ಎಂದಳು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಸುತ್ತಲಿನ ಹಲ್ಲು ಹಲ್ಲಿನ ಬಳೆ. ಎಡಕ್ಕೆ ಮಾತ್ರ ತಿರುಗುತ್ತದೆ, ಬಲಕ್ಕೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಕೆಟ್ಟಿದೆ ಎಂದುಕೊಂಡಿದ್ದೆ. ನೀರೊಳಗೆ ಎಲ್ಲಾದರೂ ತಾಗಿ ತಿರುಗಿದರೂ ಅದು ಹೊತ್ತು ಜಾಸ್ತಿ ಆಯಿತು ಎಂದೇ ತೋರಿಸಬೇಕು, ಇನ್ನೂ ಹೊತ್ತಿದೆ ಎಂದು ತೋರಿಸಬಾರದು. ಆಗ ಮನುಷ್ಯ ತುಸು ಬೇಗ ಹೊರಡುತ್ತಾನೆಯೇ ಹೊರತು ತಡ ಮಾಡುವುದಿಲ್ಲ ಎಂದು ರಂಜನಿ ಹೇಳಿದಳು. ತಪ್ಪಿದರೂ ಪ್ರಾಣ ಉಳಿಯುವ ಕಡೆಗೇ ತಪ್ಪಬೇಕು! ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ವಾಚಿನ ಮೇಲೆ ಆರುನೂರು ಮೀಟರ್ ಎಂದು ಬರೆದಿದೆ. ನಮ್ಮೂರಿನಲ್ಲಿ ಅಷ್ಟು ಆಳಕ್ಕೆ ಬೋರು ಕೊರೆಸಿದರೂ ನೀರು ಸಿಗುವುದು ಅನುಮಾನ. ಆದರೂ ಪರೀಕ್ಷೆ ಮಾಡದೆ ಇರಲಾಗಲಿಲ್ಲ, ಬಚ್ಚಲಿನ ಹಂಡೆಯೊಳಗೆ ಮೊಣಕೈ ತನಕ ಕೈ ಮುಳುಗಿಸಿ ಕೂತಿದ್ದೆ. ನಿಮ್ಮತ್ತೆ ಬಂದು ನೋಡಿ, "ಏನ್ರೀ ಇದು, ಮುದಿ ವಯಸ್ಸಿಗೆ ಹಂಡ್ಯಾಗೆ ಮುತ್ತು ಹುಡುಕ್ತೀರೇನು?" ಎಂದಳು. ಗೊತ್ತಲ್ಲ ಅವಳ ಬಾಯಿ. ಆಯುಧಪೂಜೆಯ ದಿನ ಗಜಕೋಲು, ಕತ್ತರಿಯ ಜೊತೆ ವಾಚನ್ನೂ ಇಡಿ ಎಂದಳು. ಬಿಚ್ಚಲಿಲ್ಲ, ಕೈಯನ್ನೇ ಮುಂದೆ ಚಾಚಿದೆ, ವಾಚಿಗೆ ಕುಂಕುಮ ಇಟ್ಟು ನನ್ನ ಮಣಿಕಟ್ಟಿಗೂ ಬಳಿದಳು.

ಅವಳ ಕೈಗೆ ನಾನು ಸಿಕ್ಕಿಬಿದ್ದಿದ್ದು ಬೇರೆ ವಿಷಯದಲ್ಲಿ. ನಿಮ್ಮದು ಈಜಿ ಬಲಿತ ಕೈ, ನನ್ನದು ಸೀರೆ ಮಡಿಸುವ ಕೈ. ಗಿರಾಕಿಗೆ ಸೆರಗು ತೋರಿಸಲು ಎತ್ತಿದರೆ ವಾಚು ಮೊಣಕೈಗೆ ಇಳಿಯುತ್ತಿತ್ತು. ಮುದ್ದಪ್ಪನ ಹತ್ತಿರ ಪಟ್ಟಿಯ ಎರಡು ಕೊಂಡಿ ತೆಗೆಸಿದೆ. ಅವು ಬೀಳಬಾರದೆಂದು ವಿಭೂತಿ ಕರಡಿಗೆಯಲ್ಲಿ ಹಾಕಿಟ್ಟಿದ್ದೆ, ಪೂಜೆಗೆ ಕೂತವಳ ಬೆರಳಿಗೆ ಸಿಕ್ಕವು. "ಜೋಪಾನಕ್ಕಿಟ್ಟ ವಾಚಿನ ಕೊಂಡಿ ಯಾಕ್ರೀ ತೆಗೆಸಿದ್ರಿ? ಬ್ಯಾಡ ಅನ್ನಾದು ಬಾಯಾಗೆ, ಬೇಕು ಅನ್ನಾದು ಕೈಯಾಗೆ!" ಎಂದಳು. ಕೊಂಡಿ ಇಸಿದುಕೊಂಡು ಮತ್ತೆ ಕರಡಿಗೆಗೇ ಹಾಕಿದೆ. ಮೂವತ್ತು ವರ್ಷದ ಸಂಸಾರದಲ್ಲಿ ಹೀಗೆ ಸಿಕ್ಕಿಬೀಳುವುದು ಹೊಸದೇನಲ್ಲ.

ಇನ್ನು ಹೆರಿಗೆಯ ದಿನದ ವಿಷಯ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೋವು ಶುರುವಾಯಿತು. ಕಾರಿನಲ್ಲಿ ಚಳ್ಳಕೆರೆಗೆ ಹೊರಟೆವು. ರಸ್ತೆ ನಿಮಗೆ ಗೊತ್ತಿರುವುದೇ, ಗುಂಡಿ ಬಂದಾಗಲೆಲ್ಲ ನಿಮ್ಮತ್ತೆ ಡ್ರೈವರಿಗೂ ಸರ್ಕಾರಕ್ಕೂ ಒಟ್ಟಿಗೆ ಶಾಪ ಹಾಕುತ್ತಿದ್ದಳು. ನಾನು ಮುಂದೆ ಕೂತು ಏನು ಮಾಡಲಿ? ಹಿಂದೆ ಮಗಳು ನರಳುತ್ತಾಳೆ, ಗಂಡಸಿನ ಕೈಯಲ್ಲಿ ಏನಿದೆ? ಅಷ್ಟರಲ್ಲಿ ರಂಜನಿಯೇ, "ಅಪ್ಪಾಜಿ, ವಾಚಿನ ಬಳೆ ತಿರುಗ್ಸಿ ಇಟ್ಕೊ, ನೋವು ಎಷ್ಟು ಹೊತ್ತಿಗೊಂದ್ಸಲ ಬರ್ತೈತೆ ನೋಡ್ತಾ ಇರು, ಡಾಕ್ಟ್ರು ಕೇಳ್ತಾರೆ" ಎಂದಳು. ಅಲ್ಲಿಂದ ಆಸ್ಪತ್ರೆಯ ತನಕ ನಾನು ಹೊರಗೆ ನೋಡಲಿಲ್ಲ. ಅವಳು "ಹಾ" ಎಂದಾಗಲೆಲ್ಲ ಬಳೆಯ ಮೇಲಿನ ಹೊಳೆಯುವ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ತಂದು ಕೂರಿಸುತ್ತಿದ್ದೆ. ಕಟ ಕಟ ಕಟ. ನಿಮ್ಮೂರು ತಳಕಿಗೆ ಬರುವ ಹೊತ್ತಿಗೆ ಪ್ರತಿ ನೋವಿನ ಲೆಕ್ಕವೂ ನನ್ನ ಬಾಯಲ್ಲಿತ್ತು. ಡಾಕ್ಟರಮ್ಮ ಕೇಳಿದಾಗ ನಾನು ಗಡಿಬಿಡಿ ಇಲ್ಲದೆ ಹೇಳಿದೆ. "ನಿಮ್ಮಂಗೆ ಸರಿಯಾಗಿ ಹೇಳೋರು ಯಾರೂ ಬರಲ್ಲ" ಎಂದರು ಆಕೆ. ನಿಮ್ಮತ್ತೆಯ ಎದುರೇ ಎಂದರು, ಇದನ್ನು ನೀವು ಗಮನಿಸಬೇಕು.

ಸಂಜೆಯೊಳಗೆ ನಿಮ್ಮ ಮಗಳು ಹುಟ್ಟಿದಳು. ಮೂಗು ನಿಮ್ಮದು, ದನಿ ನಿಮ್ಮತ್ತೆಯದು. ತಳಕಿನಿಂದ ನಿಮ್ಮ ತಾಯಿ ಜಗದಾಂಬನವರೂ ಬಂದರು. ಆ ಹೆಣ್ಣುಮಗಳು ಗಂಡನಿಲ್ಲದೆ ನಿಮ್ಮನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರು, ಮೊಮ್ಮಗಳನ್ನು ಎತ್ತಿಕೊಂಡು ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಆಮೇಲೆ, "ಇದನ್ನ ಮಾತ್ರ ತೋಟದ ಬಾವಿ ಹತ್ರ ಬಿಡಲ್ಲ ನಾನು" ಎಂದರು. ಎಲ್ಲರೂ ನಕ್ಕೆವು. ಆ ಬಾವಿಯಲ್ಲಿ ಹಾರಿ ಹಾರಿಯೇ ಅಲ್ಲವೇ ನೀವು ಸಮುದ್ರಕ್ಕೆ ಹೋಗಿದ್ದು.

ನಿಮ್ಮತ್ತೆಯ ವಾದ ಏನೆಂದರೆ, "ಮೊಮ್ಮಗಳು ಬಂದ್ಲು, ಕಟ್ಟಳೆ ಮುಗೀತು, ಇನ್ನ ಕಟ್ಕೊಳ್ರಿ ಧೈರ್ಯವಾಗಿ." ಇದು ಅರ್ಧ ಉತ್ತರ. ನೀವು ವಾಚು ಕೊಟ್ಟಿದ್ದು ಮಗು ಹುಟ್ಟುವ ಮೊದಲು. ಮೊದಲು ಕೊಟ್ಟಿದ್ದು ಆಮೇಲೆ ಸರಿಹೋಗುವುದಿಲ್ಲ, ನಮ್ಮಪ್ಪನವರಿದ್ದರೆ ಒಪ್ಪುತ್ತಿರಲಿಲ್ಲ. ಆದ್ದರಿಂದ ನಾಮಕರಣದ ದಿನ ನಾನು ಎಲ್ಲರ ಎದುರು ಬಿಚ್ಚಿ ನಿಮ್ಮ ಕೈಗೆ ವಾಪಸ್ ಕೊಡುತ್ತೇನೆ. ನೀವು ತೆಗೆದುಕೊಳ್ಳಬೇಕು. ತೆಗೆದುಕೊಂಡು, ಎಲೆ ಅಡಿಕೆಯ ಮೇಲಿಟ್ಟು ಹೊಸದಾಗಿ ನನಗೆ ಕೊಡಬೇಕು. ನಾನು ಒಂದು ಸಲ ಬೇಡ ಎನ್ನುತ್ತೇನೆ. ಒಂದೇ ಸಲ. ದಯಮಾಡಿ ಅದನ್ನು ನಂಬಬೇಡಿ.

ಆ ಎರಡು ಕೊಂಡಿ ಕರಡಿಗೆಯಲ್ಲೇ ಇವೆ. ಮೊಮ್ಮಗಳು ದೊಡ್ಡವಳಾಗಿ ಅವಳ ಕೈ ನಿಮ್ಮಂತೆ ಗಟ್ಟಿಯಾಗಿದ್ದರೆ ಆಗ ಬೇಕಾಗುತ್ತವೆ.

ಬರುವಾಗ ಎಚ್‌ಎಂಟಿ ಕಟ್ಟಿಕೊಂಡು ಬನ್ನಿ. ಇದ್ದರೆ.

ನಿಮ್ಮ ದಾರಿ ನೋಡುತ್ತಿರುವ ಮಾವ,
ಜಂಬುಲಿಂಗಪ್ಪ

ಮರೆತ ಮಾತು: ಚಳ್ಳಕೆರೆಗೆ ವ್ಯಾಪಾರದ ಕೆಲಸಕ್ಕೆ ಹೋಗಿದ್ದೆ ಎಂದು ಮೇಲೆ ಬರೆದೆ. ಯಾವ ಕೆಲಸವೂ ಇರಲಿಲ್ಲ. ಅವತ್ತು ಬೆಳಿಗ್ಗೆ ಜಗಲಿಯ ಮೇಲೆ ವಾಚು ನಿಂತಿದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ನೀವು ನೀರೊಳಗಿದ್ದೀರಿ, ನಿಮಗೇ ಏನೋ ಆಗಿದೆ ಎನ್ನಿಸಿತು. ಮನೆಯ ಫೋನು ರಂಜನಿ ಮಲಗುವ ಮಂಚದ ಪಕ್ಕದಲ್ಲಿದೆ, ಅಂಗಡಿಯದರಲ್ಲಿ ಮಾತಾಡಿದರೆ ಬಜಾರಿಗೆಲ್ಲ ಕೇಳುತ್ತದೆ. ಸಿಕ್ಕ ಬಸ್ಸು ಹತ್ತಿ ಚಳ್ಳಕೆರೆಯ ಎಸ್‌ಟಿಡಿ ಬೂತಿನಿಂದ ನಿಮ್ಮ ಮುಂಬಯಿ ಆಫೀಸಿಗೆ ಫೋನ್ ಮಾಡಿದೆ. ನನಗೆ ಬರುವ ಸಂತೆ ಹಿಂದಿಯಲ್ಲಿ, "ಅಮರೇಶ್ ಅಚ್ಛಾ ಹೈ ಕ್ಯಾ?" ಎಂದೆ. ಚೆನ್ನಾಗಿದ್ದಾರೆ, ಬೆಳಿಗ್ಗೆ ತಾನೇ ಮಾತಾಡಿದ್ದೇವೆ, ನೀವು ಯಾರು ಎಂದು ಕೇಳಿದರು. ಮಾವ ಎನ್ನಲು ಹೋದೆ. ಬಾಯಿಗೆ ಬಂದಿದ್ದು, "ಉಸ್ಕಾ ಬಾಪ್."

ಬೂತಿನವನ ಸ್ಟೂಲಿನ ಮೇಲೆ ಕೂತು ಸ್ವಲ್ಪ ಅತ್ತೆ. ಮುದ್ದಪ್ಪನ ಅಂಗಡಿಗೆ ಹೋಗಿದ್ದು ಅದಾದ ಮೇಲೆ. ಮಗನ ವಾಚನ್ನು ಅಪ್ಪ ಕಟ್ಟಿಕೊಳ್ಳಲು ಯಾವ ಕಟ್ಟಳೆಯೂ ಅಡ್ಡ ಬರುವುದಿಲ್ಲ ಎಂದುಕೊಂಡೇ ಅವತ್ತು ಕೈಗೆ ಕಟ್ಟಿಕೊಂಡಿದ್ದು. ಎಲೆ ಅಡಿಕೆ ಶಾಸ್ತ್ರ ಊರವರಿಗೆ. ರಂಜನಿಗೆ ಹೇಳಬೇಡಿ.

ವಾಚು ಓಡುತ್ತಿದೆ. ದಡಬಡ ಮಾಡಬೇಡ, ನಿಧಾನಕ್ಕೆ ಮೇಲೆ ಬಾರಪ್ಪ.